ಕಳಚಿದ ಕಿವಿಮೂಳೆಯನ್ನು ಕೂಡಿಸಿದ ಬಗೆ

ಕಿವಿತಮಟೆಯ ಹಿಂದಿನ ಪುಟ್ಟ ಗೂಡಿನಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಒಂದಕ್ಕೊಂದು ಕೂಡಿಕೊಂಡಿವೆ. ತಮಟೆಯ ಅದುರನ್ನು ಒಳಗಿವಿಯ ದ್ರವಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಈ ಸರಪಳಿ ಕಳಚುವುದುಂಟು. ಹೆಚ್ಚಾಗಿ ಜಾರುವುದು ಅಡಿಗಲ್ಲು. ಸುತ್ತಿಗೆ ತಮಟೆಗೆ ಅಂಟಿಕೊಂಡಿದೆ, ಒಂದು ಸ್ನಾಯುವೂ ಅದನ್ನು ಹಿಡಿದಿದೆ. ರಿಕಾಪಿಗೂ ತನ್ನದೇ ಸ್ನಾಯುವಿದೆ, ಅದರ ಪಾದ ಒಳಗಿವಿಯ ಕಿಂಡಿಯಲ್ಲಿ ಕೂತಿದೆ. ನಡುವಿನ ಅಡಿಗಲ್ಲಿಗೆ ಮಾತ್ರ ಸ್ನಾಯುವಿನ ಆಸರೆಯಿಲ್ಲ. ಅದು ರಿಕಾಪಿನಿಂದ ಬಿಟ್ಟುಹೋಗಿ ತಮಟೆ ಹರಿಯದೆ ಉಳಿದರೆ ಕೇಳುವಿಕೆ 60 ಡೆಸಿಬೆಲ್‌ವರೆಗೂ ಕುಗ್ಗಬಹುದು. ಎದುರಿಗೆ ಕೂತವರ ಸಾಮಾನ್ಯ ಮಾತು ಕೂಡ ಆ ಕಿವಿಗೆ ಸಿಗದು.

ಹೊರಗಿವಿಯ ಶಸ್ತ್ರಚಿಕಿತ್ಸೆ ಬಲು ಹಳೆಯದು. ಹರಿದ ಕಿವಿಹಾಲೆಯನ್ನು ಜೋಡಿಸುವ 15 ಬಗೆಗಳನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಬಸವಕಲ್ಯಾಣದ ಪಕ್ಕದ ನಾರಾಯಣಪುರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಇಂಥ ಗುಡಿಗಳ ಚಾಲುಕ್ಯ ಶಿಲ್ಪಗಳ ಭಾರವಾದ ಓಲೆಗಳನ್ನು ನೋಡಿದವರಿಗೆ ಆ ವಿದ್ಯೆ ಏಕೆ ಬೇಕಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ವೈದ್ಯಕ್ಕೂ ಜಾಗವಿದೆ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಕನ್ನಡಕ್ಕೆ ತಂದು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದ. ಕನ್ನಡದಲ್ಲಿ ವೈದ್ಯ ಬರೆಯುವ ಪರಂಪರೆ ಇಷ್ಟು ಹಿಂದಿನದೆಂಬುದು ಸಣ್ಣ ಸಂಗತಿಯಲ್ಲ. ಆದರೆ ತಮಟೆಯ ಆಚೆಗಿನ ಕತ್ತಲಲ್ಲಿ ಕೈಯಾಡಿಸಲು ಆ ಕಾಲದಲ್ಲಿ ಯಾವ ನಾಡಿನ ವೈದ್ಯನಿಗೂ ಸಾಧನವಿರಲಿಲ್ಲ.

ಮೂಳೆಗಳ ಗುರುತು ಸಿಕ್ಕಿದ್ದೇ ತಡವಾಗಿ. ಇಟಲಿಯ ಬೆರೆಂಗಾರಿಯೊ ಡ ಕಾರ್ಪಿ 1521ರಲ್ಲಿ ಸುತ್ತಿಗೆ, ಅಡಿಗಲ್ಲುಗಳನ್ನು ವರ್ಣಿಸಿದ. ಸುಮಾರು ಮೂರು ಮಿಲಿಮೀಟರ್ ಎತ್ತರದ ರಿಕಾಪು ನೇಪಲ್ಸ್‌ನ ಇಂಗ್ರಾಸ್ಸಿಯಾನ ಕಣ್ಣಿಗೆ ಬಿದ್ದದ್ದು 1546ರಲ್ಲಿ. 1855ರಲ್ಲಿ ಜರ್ಮನಿಯ ರಿನ್ನೆ ಶ್ರುತಿಕವೆಯ ಪರೀಕ್ಷೆಯನ್ನು ವಿವರಿಸಿದ. ಮಿಡಿದ ಕವೆಯನ್ನು ಕಿವಿಯ ಮುಂದೆ ಹಿಡಿದಾಗಿನದಕ್ಕಿಂತ ಕಿವಿಯ ಹಿಂದಿನ ಎಲುಬಿಗೆ ಒತ್ತಿದಾಗ ಸದ್ದು ಚೆನ್ನಾಗಿ ಕೇಳಿದರೆ ತೊಡಕು ತಮಟೆಯಲ್ಲೋ ಮೂಳೆಗಳಲ್ಲೋ ಇದೆ, ನರದಲ್ಲಿಲ್ಲ. ಇಂದಿಗೂ ಇಎನ್‌ಟಿ ವೈದ್ಯರು ಮೊದಲು ಕೈಗೆತ್ತಿಕೊಳ್ಳುವುದು ಇದೇ ಕವೆಯನ್ನು. 1870ರ ದಶಕದಲ್ಲಿ ಕೆಸೆಲ್ ರಿಕಾಪನ್ನು ಅಲುಗಿಸುವ ಶಸ್ತ್ರಕ್ರಿಯೆಗೆ ಕೈ ಹಾಕಿದ. ಸೋಂಕು ಮಿದುಳಿಗೇರುವ ಭಯದಿಂದ ಪೊಲಿಟ್ಸರ್, ಸೀಬೆನ್‌ಮಾನ್‌ರಂಥ ಹಿರಿಯರು ಅದನ್ನು ಖಂಡಿಸಿದರು. ಆ್ಯಂಟಿಬಯಾಟಿಕ್ ಇಲ್ಲದ ದಿನಗಳಲ್ಲಿ ಅವರ ಅಂಜಿಕೆಗೆ ಕಾರಣವಿತ್ತು.

ದಾರಿ ತೆರೆದದ್ದು ಬೆಳಕು ಮತ್ತು ಮಸೂರ. 1921ರಲ್ಲಿ ಸ್ಟಾಕ್‌ಹೋಮ್‌ನ ನೈಲೆನ್ ಕಿವಿಯ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕ ಬಳಸಿದ. 1953ರಲ್ಲಿ ಝೈಸ್ ಕಂಪನಿಯ ಶಸ್ತ್ರಕ್ರಿಯಾ ಸೂಕ್ಷ್ಮದರ್ಶಕ ಬಂತು. ಅದೇ ವರ್ಷಗಳಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೊಲ್ನರ್ ತಮಟೆಯನ್ನೂ ಮೂಳೆಗಳ ಸರಪಳಿಯನ್ನೂ ಮತ್ತೆ ಕಟ್ಟುವ ಟಿಂಪನೋಪ್ಲಾಸ್ಟಿಗೆ ಕ್ರಮಬದ್ಧ ರೂಪ ಕೊಟ್ಟರು. ವುಲ್‌ಸ್ಟೈನ್ ಮೊದಲು ಪ್ಲಾಸ್ಟಿಕ್ ಕಡ್ಡಿ ಇಟ್ಟು ನೋಡಿದ, ಶರೀರ ಅದನ್ನು ಹೊರದೂಡಿತು. 1957ರಲ್ಲಿ ಹಾಲ್ ಮತ್ತು ರಿಟ್ಸ್ನರ್ ರೋಗಿಯ ಸ್ವಂತ ಕಿವಿಮೂಳೆಯನ್ನೇ ಬಳಸಿದರು. ಇಡೀ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಹೆಜ್ಜೆ ಇನ್ನೊಂದಿಲ್ಲ. ಜಾರಿದ ಅಡಿಗಲ್ಲನ್ನು ಹೊರತೆಗೆದು, ಸಣ್ಣ ಡ್ರಿಲ್ಲಿನಿಂದ ಕೆತ್ತಿ, ರಿಕಾಪಿನ ತಲೆ ಕೂರುವಂತೆ ಒಂದು ಕುಳಿ ಮಾಡಿ, ಸುತ್ತಿಗೆಯ ಹಿಡಿಗೂ ರಿಕಾಪಿಗೂ ನಡುವೆ ಮರಳಿ ಕೂರಿಸುವುದು ಇದರ ಕ್ರಮ. ಪೆಟ್ಟಿನಿಂದ ಕೆಟ್ಟ ಕಿವಿಗೆ ಇದು ವಿಶೇಷವಾಗಿ ಒಗ್ಗುತ್ತದೆ, ಏಕೆಂದರೆ ಅಲ್ಲಿ ಮೂಳೆ ಜಾರಿರುತ್ತದೆಯೇ ಹೊರತು ಹಳೆಯ ಕಿವಿಸೋರಿಕೆಯಲ್ಲಿ ಆಗುವಂತೆ ಸವೆದಿರುವುದಿಲ್ಲ.

ಸ್ವಂತ ಮೂಳೆ ಸಿಗದಿದ್ದಾಗ 1960ರ ದಶಕದಲ್ಲಿ ಮೃತರಿಂದ ಪಡೆದ ಮೂಳೆಗಳನ್ನು ಬಳಸಿದರು. ಎಚ್‌ಐವಿಯಂಥ ಸೋಂಕಿನ ಭೀತಿ ಬಂದ ಮೇಲೆ ಅದು ಹಿಂದೆ ಸರಿಯಿತು. 1970ರ ದಶಕದ ರಂಧ್ರಮಯ ಪ್ಲಾಸ್ಟಿಕ್, 1980ರ ದಶಕದ ಹೈಡ್ರಾಕ್ಸಿಅಪಟೈಟ್, 1990ರ ದಶಕದ ಟೈಟಾನಿಯಂ ಅವುಗಳ ಜಾಗಕ್ಕೆ ಒಂದರ ಹಿಂದೊಂದು ಬಂದವು.

ಇತ್ತ ಬಸವಕಲ್ಯಾಣವಿರುವ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಸೀಮೆಗೆ ಆಗ ದೊಡ್ಡ ಆಸ್ಪತ್ರೆಯೆಂದರೆ ಹೈದರಾಬಾದಿನ ಉಸ್ಮಾನಿಯಾ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ 1965ರಲ್ಲಿ ಮೊದಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಳುವಿಕೆಯನ್ನು ಅಳೆಯಬಲ್ಲ ತಜ್ಞರನ್ನು ತಯಾರು ಮಾಡಿತು. ಸರಿಯಾದ ಅಳತೆಯಿಲ್ಲದೆ ಈ ಶಸ್ತ್ರಕ್ರಿಯೆಗೆ ಮುಂದಾಗುವಂತಿಲ್ಲವಾದ್ದರಿಂದ ಅವರ ಪಾಲು ಶಸ್ತ್ರವೈದ್ಯರಿಗಿಂತ ಕಡಿಮೆಯದಲ್ಲ. ಬೀದರಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆದದ್ದು ಈ ಶತಮಾನದ ಮೊದಲ ದಶಕದಲ್ಲಿ.

ಹುಮನಾಬಾದ್ ಹಾಯ್ದು ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಂಥ ದಾರಿಗಳಲ್ಲಿ ಬೈಕಿನಿಂದ ಬಿದ್ದವರ ತಲೆಗಾಯಕ್ಕೆ ಚಿಕಿತ್ಸೆ ನಡೆಯುವಾಗ ಕಿವಿ ಮರೆತುಹೋಗುವುದು ಸುಲಭ, ಜೀವ ಉಳಿಸುವುದೇ ಅಲ್ಲಿ ಮೊದಲ ಕೆಲಸ. ಕಿವಿಯಿಂದ ಸೋರಿದ ರಕ್ತ ನಿಂತ ಮೇಲೂ ನಡುಕಿವಿಯಲ್ಲಿ ತುಂಬಿದ ರಕ್ತ ಕರಗಲು ವಾರಗಳು ಬೇಕು, ಎಷ್ಟೋ ಬಾರಿ ಅಷ್ಟರಲ್ಲಿ ಕೇಳುವಿಕೆ ತಾನಾಗಿ ಮರಳುತ್ತದೆ. ಎರಡು ಮೂರು ತಿಂಗಳಾದರೂ ಗಾಳಿಯ ಮೂಲಕ ಮತ್ತು ಎಲುಬಿನ ಮೂಲಕ ಕೇಳುವುದರ ನಡುವೆ 30 ಡೆಸಿಬೆಲ್‌ಗೂ ಹೆಚ್ಚಿನ ಅಂತರ ಉಳಿದರೆ ಸರಪಳಿ ಕಳಚಿದೆಯೆಂಬ ಅನುಮಾನ ಬಲವಾಗುತ್ತದೆ. ಆಗ ಸಿಟಿ ಸ್ಕ್ಯಾನ್ ತೆಗೆದು, ತಮಟೆಯ ಅಂಚನ್ನು ಎತ್ತಿ ಒಳಗೆ ನೋಡುತ್ತಾರೆ. ಜೋಡಣೆಯ ನಂತರ ಆ ಅಂತರ 20 ಡೆಸಿಬೆಲ್‌ಗಿಂತ ಒಳಗೆ ಬಂದರೆ ಶಸ್ತ್ರಕ್ರಿಯೆ ಸಫಲವೆಂದು ಎಣಿಸುತ್ತಾರೆ. ತಲೆಬುರುಡೆಯ ಬಿರುಕು ಒಳಗಿವಿಯನ್ನೇ ಸೀಳಿದ್ದರೆ ಮೂಳೆ ಕೂಡಿಸಿ ಫಲವಿಲ್ಲ. ಅಂಥವರಿಗೆ ಉಳಿದ ಕೇಳುವಿಕೆಯನ್ನು ನೋಡಿ ಶ್ರವಣ ಸಾಧನವನ್ನೋ ಕಾಕ್ಲಿಯರ್ ಇಂಪ್ಲಾಂಟನ್ನೋ ಸೂಚಿಸುತ್ತಾರೆ.