ಸಿಡೆನ್‌ಹ್ಯಾಮ್ ಕಾಲೇಜು: ‘ಏಷ್ಯಾದಲ್ಲೇ ಮೊದಲು’ ಎಂಬ ವಿಶೇಷಣ ಕುರಿತು ಒಂದು ಟಿಪ್ಪಣಿ

1. ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜಿನ ಸ್ಥಾಪನಾ ವರ್ಷ 1913. ಇದರಲ್ಲಿ ತಕರಾರಿಲ್ಲ. ಆದರೆ ಕಾಲೇಜಿನ ಪರಿಚಯಗಳಲ್ಲಿ ಜೊತೆಜೊತೆಯಾಗಿ ಬರುವ ಎರಡು ಮಾತುಗಳು ಪರಿಶೀಲನೆಗೆ ಅರ್ಹ: ಇದಕ್ಕೆ ‘ಅಂದಿನ ಗವರ್ನರ್’ ಲಾರ್ಡ್ ಸಿಡೆನ್‌ಹ್ಯಾಮ್ ಅವರ ಹೆಸರಿಡಲಾಯಿತು, ಇದು ಏಷ್ಯಾದ ಮೊದಲ ವಾಣಿಜ್ಯ ಕಾಲೇಜು.

2. ಜಾರ್ಜ್ ಸಿಡೆನ್‌ಹ್ಯಾಮ್ ಕ್ಲಾರ್ಕ್ 1907ರಿಂದ 1913ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದರು. ಅವರಿಗೆ ಬ್ಯಾರನ್ ಪದವಿ ದೊರೆತದ್ದು 1913ರಲ್ಲಿ. ಅದಕ್ಕೆ ಮುಂಚಿನ ಕಾಗದಪತ್ರಗಳಲ್ಲಿ ಹುಡುಕಬೇಕಾದ ಹೆಸರು ಸರ್ ಜಾರ್ಜ್ ಕ್ಲಾರ್ಕ್. ಅದೇ ವರ್ಷದ ಏಪ್ರಿಲ್‌ನಲ್ಲಿ ಲಾರ್ಡ್ ವಿಲಿಂಗ್ಡನ್ ಅಧಿಕಾರ ವಹಿಸಿಕೊಂಡರು. 1913 ಇಬ್ಬರು ಗವರ್ನರುಗಳಿಗೆ ಸೇರಿದ ವರ್ಷವಾದ್ದರಿಂದ ತಿಂಗಳನ್ನು ಹೇಳದೆ ‘ಅಂದಿನ ಗವರ್ನರ್’ ಎನ್ನುವುದು ಸಡಿಲ ಪ್ರಯೋಗ.

3. ‘ಮೊದಲು’ ಎಂಬ ಮಾತಿಗೆ ತೊಡಕು ಟೋಕಿಯೋದಿಂದ ಬರುತ್ತದೆ. ಮೋರಿ ಅರಿನೋರಿ ಅಲ್ಲಿ 1875ರಲ್ಲಿ ಆರಂಭಿಸಿದ ವಾಣಿಜ್ಯ ಶಾಲೆ 1887ರಲ್ಲಿ ಉನ್ನತ ವಾಣಿಜ್ಯ ಶಾಲೆಯಾಯಿತು, 1920ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಇಂದಿನ ಹಿತೋತ್ಸುಬಾಶಿ ವಿಶ್ವವಿದ್ಯಾಲಯ ಅದೇ. ವಿಶ್ವವಿದ್ಯಾಲಯದ ಸ್ಥಾನವನ್ನೇ ಅಳತೆಗೋಲಾಗಿಸಿದರೆ ಮುಂಬಯಿಯ ಪರ ಏಳು ವರ್ಷಗಳ ಅಂತರ ಉಳಿಯುತ್ತದೆ ಎಂದು ವಾದಿಸಬಹುದು. ಆದರೆ ಸಿಡೆನ್‌ಹ್ಯಾಮ್ ಕೂಡ ಸ್ವತಃ ವಿಶ್ವವಿದ್ಯಾಲಯವಾಗಿರಲಿಲ್ಲ, ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾಗಿತ್ತು. ಅಳತೆಗೋಲನ್ನು ಒಂದೇ ಕಡೆಗೆ ಅನ್ವಯಿಸುವುದು ಸರಿಯಾಗದು.

ಭಾರತದೊಳಗೂ ಪದಗಳನ್ನು ಬಿಡಿಸಿ ನೋಡಬೇಕು. ವಾಣಿಜ್ಯ ಶಿಕ್ಷಣದ ಆರಂಭಕ್ಕೆ ಸಾಮಾನ್ಯವಾಗಿ ಉಲ್ಲೇಖಿಸುವುದು ಮದ್ರಾಸಿನ ಪಚ್ಚಯ್ಯಪ್ಪ ದತ್ತಿಯವರು 1886ರಲ್ಲಿ ತೆರೆದ ಶಾಲೆಯನ್ನು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ವಾಣಿಜ್ಯ ತರಗತಿಗಳಿಗೆ ಕೊಡುವ ವರ್ಷ 1903. ಮೊದಲನೆಯದು ಶಾಲೆ; ಎರಡನೆಯದು ಕಾಲೇಜಿನೊಳಗಿನ ತರಗತಿ. ಹಾಗಾಗಿ ‘ವಾಣಿಜ್ಯಕ್ಕೇ ಮೀಸಲಾದ, ಪದವಿ ಮಟ್ಟದ, ಭಾರತದ ಮೊದಲ ಕಾಲೇಜು’ ಎಂಬ ಕಿರಿದಾದ ಹೇಳಿಕೆ ನಿಲ್ಲಬಹುದೆಂದು ತೋರುತ್ತದೆ. ಏಷ್ಯಾ ಎಂಬ ಪದ ಹೆಚ್ಚುವರಿ. (ಸಂಸ್ಥೆಗಳ ಹೊಗಳಿಕೆಯಲ್ಲಿ ಭೂಗೋಳ ಹಿಗ್ಗುವುದು ಅಪರೂಪವೇನಲ್ಲ.)

4. ಸಿಡೆನ್‌ಹ್ಯಾಮಿನ ಬೋಧಕರ ಬಗ್ಗೆಯೂ ಒಂದು ಸ್ಪಷ್ಟನೆ: ಬಿ.ಆರ್. ಅಂಬೇಡ್ಕರ್ ಇಲ್ಲಿ ಅರ್ಥಶಾಸ್ತ್ರ ಕಲಿಸಿದ್ದು 1918ರ ನವೆಂಬರ್‌ನಿಂದ 1920ರ ಮಾರ್ಚ್‌ವರೆಗೆ, ಪ್ರಾಧ್ಯಾಪಕರಾಗಿ. ಅವರು ಪ್ರಾಂಶುಪಾಲರಾದದ್ದು 1935ರಲ್ಲಿ, ಅದೇ ನಗರದ ಸರ್ಕಾರಿ ಕಾನೂನು ಕಾಲೇಜಿಗೆ.

5. ಕರ್ನಾಟಕದ ವಾಣಿಜ್ಯ ಶಿಕ್ಷಣಕ್ಕೂ ಮುಂಬಯಿಯ ನಂಟಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅಲ್ಲಿಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಕಾಲೇಜು ಶಿಕ್ಷಣ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜೆ.ಜಿ. ವಾಣಿಜ್ಯ ಕಾಲೇಜು ಆರಂಭವಾದದ್ದು 1947ರಲ್ಲಿ, ಅಂದರೆ ಸಿಡೆನ್‌ಹ್ಯಾಮಿನ 34 ವರ್ಷಗಳ ನಂತರ. ಆದ್ದರಿಂದ ಅದರ ಮೊದಲ ವರ್ಷಗಳ ಬಿ.ಕಾಂ. ದಾಖಲೆಗಳನ್ನು ಅರಸುವವರು ಧಾರವಾಡಕ್ಕೆ ಮುನ್ನ ಮುಂಬಯಿಯ ಕಡತಗಳನ್ನು ನೋಡುವುದು ಸೂಕ್ತ.