ಘಾಟಿನ ಪೇಟೆ, ಬಾಗಿಲುಗಳ ಪೇಟೆ: ನಾಸಿಕ ಮತ್ತು ಔರಂಗಾಬಾದ್ ನಗರಮಧ್ಯಗಳ ರಚನೆ

ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳಿರುವುದು ವಾಚಕರಿಗೆ ವಿದಿತವಾದ ಸಂಗತಿ. ಆ ಎಲ್ಲೆಯ ನದಿಯ ಮೇಲ್ಭಾಗದ ಪ್ರದೇಶದಲ್ಲಿ, ಇಂದಿನ ಮಹಾರಾಷ್ಟ್ರದಲ್ಲಿ, ಎರಡು ದೊಡ್ಡ ನಗರಗಳಿವೆ. ಒಂದು ನದಿಯ ದಡದಲ್ಲಿಯೇ ಬೆಳೆದ ನಾಸಿಕ; ಇನ್ನೊಂದು ನದಿಯಿಂದ ಸುಮಾರು 50 ಕಿ.ಮೀ. ಉತ್ತರಕ್ಕೆ ಒಣನೆಲದ ಮೇಲೆ ಕಟ್ಟಲ್ಪಟ್ಟ ಛತ್ರಪತಿ ಸಂಭಾಜಿನಗರ. ಈ ಎರಡನೆಯ ನಗರವು 1610ರಲ್ಲಿ ಖಡಕಿಯಾಗಿ ಆರಂಭವಾಗಿ, 1653ರಿಂದ ಔರಂಗಾಬಾದ್ ಎನಿಸಿ, 2023ರಲ್ಲಿ ಈಗಿನ ಹೆಸರನ್ನು ಪಡೆಯಿತು. ಪ್ರಸ್ತುತ ಲೇಖನದಲ್ಲಿ ನಾವು ಆಯಾ ಕಾಲಕ್ಕೆ ಸಲ್ಲುವ ಹೆಸರನ್ನೇ ಬಳಸಿದ್ದೇವೆ.

ಕನ್ನಡದಲ್ಲಿ ಈ ಪ್ರದೇಶವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಎಲ್ಲೋರದ ಕೈಲಾಸನಾಥ ಮತ್ತು ಅದನ್ನು ಕೊರೆಯಿಸಿದ ರಾಷ್ಟ್ರಕೂಟ ಒಂದನೆಯ ಕೃಷ್ಣ, ದೇವಗಿರಿಯ ಸೇವುಣರು ಹಾಗೂ ಅವರ ಕನ್ನಡ ಶಾಸನಗಳು, ಇಷ್ಟರಲ್ಲಿಯೇ ಮುಗಿಯುತ್ತದೆ. ಗುಡಿ ಮತ್ತು ಶಾಸನಗಳನ್ನು ಓದುವಷ್ಟು ಶ್ರದ್ಧೆಯಿಂದ ನಾವು ಪೇಟೆಯ ಬೀದಿಯನ್ನು ಓದಿಲ್ಲ. ಊರಿನ ನಡುಭಾಗ ಏಕೆ ಅಲ್ಲಿಯೇ ಇದೆ, ಅದರ ಓಣಿಗಳು ಏಕೆ ಹಾಗೆಯೇ ತಿರುಗುತ್ತವೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ, ಈ ಎರಡು ನಗರಗಳ ಮಟ್ಟಿಗಾದರೂ ಅದು ನೀರಿನ ಬಳಿಗೆ ಹೋಗಿ ನಿಲ್ಲುತ್ತದೆ. ನಾಸಿಕದಲ್ಲಿ ಜನ ನೀರಿನ ಬಳಿಗೆ ಬಂದರು. ಖಡಕಿಯಲ್ಲಿ ನೀರನ್ನು ಜನರ ಬಳಿಗೆ ತರಿಸಲಾಯಿತು.

ನಾಸಿಕದ ಪ್ರಾಚೀನತೆ ನಿರ್ವಿವಾದವಾದುದು. ಪತಂಜಲಿಯ ಮಹಾಭಾಷ್ಯದಲ್ಲಿ ನಾಸಿಕ್ಯವೆಂಬ ಹೆಸರು ಬರುತ್ತದೆ. ಶೂರ್ಪಣಖಿಯ ಮೂಗಿನ ಕಥೆಯಿಂದಲೋ, ಊರು ಕುಳಿತಿರುವ ಒಂಬತ್ತು ದಿಬ್ಬಗಳಿಂದಲೋ ಈ ಹೆಸರು ಬಂದಿತೆಂಬ ಜನಪದ ನಿರುಕ್ತಿಗಳನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ನಮಗೆ ಮುಖ್ಯವಾದುದು ಊರಿನ ಹೊರಗಣ ತ್ರಿರಶ್ಮಿ ಬೆಟ್ಟದ ಗುಹೆಗಳಲ್ಲಿರುವ ಉಷವದಾತನ ಶಾಸನ. ಕ್ಷತ್ರಪ ನಹಪಾನನ ಅಳಿಯನಾದ ಈತನು ಭಿಕ್ಷುಗಳ ವಸ್ತ್ರಾದಿಗಳಿಗಾಗಿ ಕೊಟ್ಟ 3000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಇಡುಗಂಟಾಗಿ ಇರಿಸಿದನು: ಒಂದರಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಇನ್ನೊಂದರಲ್ಲಿ 1000, ನೂರಕ್ಕೆ ಮುಕ್ಕಾಲರಂತೆ. ಬೆಟ್ಟದ ಮೇಲಿನ ಧರ್ಮಕಾರ್ಯದ ಹಣ ಕೆಳಗಿನ ಪೇಟೆಯ ಮಗ್ಗಗಳಲ್ಲಿ ದುಡಿಯುತ್ತಿತ್ತು. ದಾನವೇ ಬಂಡವಾಳವಾಗುವ ಈ ಕ್ರಮವನ್ನು ನಾಸಿಕದ ಮುಂದಿನ ಇತಿಹಾಸದಲ್ಲಿಯೂ ನಾವು ಮತ್ತೆ ಮತ್ತೆ ಕಾಣುತ್ತೇವೆ.

ಈಗ ಉಳಿದಿರುವ ಹಳೆಯ ನಾಸಿಕ ಮುಖ್ಯವಾಗಿ 18ನೆಯ ಶತಮಾನದ ಕಟ್ಟಡಗಳ ಊರು. ಮೊಗಲರ ಕಾಲದಲ್ಲಿ ಗುಲ್ಶನಾಬಾದ್ ಎನಿಸಿದ್ದ ಈ ಪಟ್ಟಣವು ಪೇಶ್ವೆಯರ ಆಡಳಿತಕ್ಕೆ ಬಂದಾಗ ಹಳೆಯ ಹೆಸರನ್ನು ಮರಳಿ ಪಡೆಯಿತು. ಆದರೆ ಜೂನಿ ಗಢಿಯ ದಿಬ್ಬ, ಭದ್ರಕಾಳಿಯ ಸುತ್ತಣ ಮೊಹಲ್ಲೆಗಳು, ಪಿಂಜಾರ ಘಾಟಿನ ದೊಡ್ಡ ದರ್ಗಾ ಇವು ನಡುವಣ ಪದರವನ್ನು ಇಂದಿಗೂ ಕಾಪಾಡಿಕೊಂಡಿವೆ. ನದಿಯ ಬಲದಂಡೆಯಲ್ಲಿ ಪೇಟೆ, ಎಡದಂಡೆಯಲ್ಲಿ ಪಂಚವಟಿ. ನಡುವೆ ರಾಮಕುಂಡ. ಈ ಕುಂಡವನ್ನು 1696ರಲ್ಲಿ ಖಟಾವದ ಒಬ್ಬ ಶ್ರೀಮಂತ ಕಟ್ಟಿಸಿದನು; ಮುಂದೆ ಮಾಧವರಾವ್ ಪೇಶ್ವೆಯ ತಾಯಿ ಗೋಪಿಕಾಬಾಯಿ ಅದನ್ನು ದುರಸ್ತಿ ಮಾಡಿಸಿದಳು. ನಾರೋಶಂಕರ ದೇವಾಲಯ 1747ರದು, ಸುಂದರನಾರಾಯಣ 1756ರದು; ಸರದಾರ ಓಢೇಕರರು ಕಟ್ಟಿಸಿದ ಕಾಳಾರಾಮ ದೇವಾಲಯ ಆ ಶತಮಾನದ ಕೊನೆಯ ಭಾಗದ್ದು. ಪ್ರತಿಯೊಂದಕ್ಕೂ ಕರ್ತೃ ಬೇರೆ, ಹಣ ಬೇರೆ, ಹರಕೆ ಬೇರೆ. ಯಾರೊಬ್ಬರೂ ಊರಿನ ನಕ್ಷೆಯನ್ನು ಬರೆಯಲಿಲ್ಲ. ಹೀಗಿದ್ದರೂ ನದೀತೀರವು ಒಂದೇ ಕೈ ಕಡೆದಂತೆ ಕಾಣುವುದಕ್ಕೆ ಕಾರಣ, ಎಲ್ಲ ದಾನಿಗಳೂ ಒಂದೇ ಕಡೆಗೆ, ಅಂದರೆ ನೀರಿನ ಕಡೆಗೆ, ಮುಖಮಾಡಿ ಕಟ್ಟಿಸಿದುದು.

ಓಣಿಗಳ ಸ್ವಭಾವವೂ ಇದರಿಂದಲೇ ನಿರ್ಣಯವಾಗಿದೆ. ಸರಾಫ ಬಜಾರ, ದಹಿಪೂಲ, ಕಂಚುಗಾರರ ತಾಂಬಟ ಓಣಿ ಇವೆಲ್ಲ ಎತ್ತರದಿಂದ ಇಳಿಯುತ್ತ ಹೋಗಿ ಘಾಟಿನ ಮೆಟ್ಟಿಲುಗಳಲ್ಲಿ ಕೊನೆಗಾಣುವ ಇಳಿಜಾರಿನ ಭಾಗಗಳು. ಅವುಗಳ ಇಕ್ಕೆಲಗಳ ವಾಡೆಗಳಲ್ಲಿ ಕಲ್ಲಿನ ಜಗಲಿ, ಮರದ ಕಂಬ-ತೊಲೆಗಳ ಚೌಕಟ್ಟು, ಅದರ ನಡುವೆ ಇಟ್ಟಿಗೆಯ ಗೋಡೆ, ಒಳಗೆ ಆಕಾಶಕ್ಕೆ ತೆರೆದ ಚೌಕ. ನಮ್ಮ ಧಾರವಾಡ-ಬೆಳಗಾವಿ ಕಡೆಯ ವಾಡೆಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಪೇಶ್ವೆಯರ ಸರಕಾರವಾಡೆಯೂ ಪೇಟೆಯ ಒಳಗೇ, ಸರಾಫರ ಅಂಗಡಿಗಳ ಮಗ್ಗುಲಲ್ಲಿಯೇ ಇದೆ. ಅಧಿಕಾರವು ಕೋಟೆ ಕಟ್ಟಿಕೊಂಡು ದೂರ ನಿಲ್ಲದೆ ಬೀದಿಯ ಒಂದು ಮನೆಯಾಗಿ ನಿಂತಿತೆಂಬುದು ಗಮನಾರ್ಹ. ನೆರೆ ಬಂದಾಗ ಊರಿನವರು ಇಂದಿಗೂ ದುತೋಂಡ್ಯಾ ಮಾರುತಿಯ ವಿಗ್ರಹದ ಯಾವ ಭಾಗದವರೆಗೆ ನೀರು ಏರಿತೆಂಬುದರಿಂದ ಅಳೆಯುತ್ತಾರೆ. ನಾರೋಶಂಕರದ ಗಂಟೆಗೂ ಇದೇ ಕೆಲಸವಿತ್ತು. 1739ರಲ್ಲಿ ವಸಯಿಯಲ್ಲಿ ಪೋರ್ಚುಗೀಸರನ್ನು ಗೆದ್ದಾಗ ತಂದ ಇಗರ್ಜಿಯ ಗಂಟೆ ಅದು. ಲಿಸ್ಬನ್ನಿನ ಭಕ್ತಿಯ ವಸ್ತುವೊಂದು ಗೋದಾವರಿಯ ಪ್ರವಾಹಮಾಪಕವಾಯಿತು.

ಖಡಕಿಯ ಕಥೆ ತೀರ ಭಿನ್ನ. ಇದನ್ನು ಸ್ಥಾಪಿಸಿದವನು ಅಹಮದನಗರದ ನಿಜಾಮಶಾಹಿಯ ಪ್ರಧಾನಿ ಮಲಿಕ್ ಅಂಬರ್. ಆಫ್ರಿಕದ ಹಬ್ಶಿ ನಾಡಿನಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಬಾಗ್ದಾದಿನ ಮೂಲಕ ದಖ್ಖನಿಗೆ ಬಂದ ಈತನ ಹೆಸರು ವಿಜಯಪುರದ ಚರಿತ್ರೆಯನ್ನು ಬಲ್ಲವರಿಗೆ ಹೊಸದೇನಲ್ಲ. ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ಆರಂಭಿಸಿದ ನೌರಸಪುರವನ್ನು 1624ರಲ್ಲಿ, ಭಾತವಡಿಯ ಗೆಲುವಿನ ಬೆನ್ನಿಗೆ, ಕೊಳ್ಳೆಹೊಡೆದವನು ಈತನೇ. ತನ್ನ ಖಡಕಿಯನ್ನು ಮೊಗಲರು 1616ರಲ್ಲಿ ಸುಟ್ಟಾಗ ಮತ್ತೆ ಕಟ್ಟಿಸಿದವನು, ಇನ್ನೊಬ್ಬರ ಹೊಸ ನಗರವನ್ನು ಉಳಿಯಗೊಡಲಿಲ್ಲ. 17ನೆಯ ಶತಮಾನದ ದಖ್ಖನಿನಲ್ಲಿ ನಗರ ಕಟ್ಟುವುದೂ ಕೆಡಹುವುದೂ ಒಂದೇ ರಾಜನೀತಿಯ ಎರಡು ಕೈಗಳಾಗಿದ್ದವು.

ಖಾಮ್ ಎಂಬ ಸಣ್ಣ ಹೊಳೆಯನ್ನು ಬಿಟ್ಟರೆ ಖಡಕಿಗೆ ನೀರಿನ ಆಸರೆಯಿರಲಿಲ್ಲ. ಆದುದರಿಂದ ಅಂಬರನು ನಗರ ಸ್ಥಾಪನೆಯ ಕೆಲವೇ ವರ್ಷಗಳಲ್ಲಿ ಉತ್ತರದ ಗುಡ್ಡಗಳ ಬುಡದಲ್ಲಿ ಒಸರುವ ಅಂತರ್ಜಲವನ್ನು ಸಂಗ್ರಹಿಸಿ, ನೆಲದಡಿಯ ಗಾರೆಯ ಕಾಲುವೆಯ ಮೂಲಕ ಊರೊಳಗೆ ಹರಿಸಿದನು. ಇದೇ ನಹರ್-ಎ-ಅಂಬರಿ. ಇಳಿಜಾರನ್ನು ಕಾಯ್ದುಕೊಂಡು ತಾನಾಗಿ ಹರಿಯುವ ನೀರು, ಅಲ್ಲಲ್ಲಿ ಇಳಿದು ಶುಚಿಗೊಳಿಸಲು ಬಾವಿಯಂಥ ಕಂಡಿಗಳು, ಒತ್ತಡವನ್ನೂ ಗಾಳಿಯನ್ನೂ ಹದದಲ್ಲಿಡಲು ಗಾರೆಯ ಕಂಬಗಳು, ಓಣಿಗಳಲ್ಲಿ ಹಂಚಿಕೆಯ ತೊಟ್ಟಿಗಳು. ಬೀದರಿನ ನೌಬಾದಿನ ಕರೇಜ್ ಬಹಮನಿಯರ ಕಾಲದಲ್ಲಿಯೇ ಇದೇ ತತ್ತ್ವವನ್ನು ಬಳಸಿತ್ತು; ವಿಜಯಪುರಕ್ಕೆ ತೊರವಿಯಿಂದ ಸುರಂಗದಲ್ಲಿ ನೀರು ಬರುತ್ತಿತ್ತು. ಈ ಮೂರು ನಗರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಖಡಕಿಯ ನಿಜವಾದ ಕುಲ ತಿಳಿಯುತ್ತದೆ. ಅದನ್ನು ಉತ್ತರದ ಮೊಗಲ ನಗರಗಳ ಪಡಿಯಚ್ಚೆಂದು ಬಗೆಯುವುದು ನಮ್ಮ ಅಭಿಪ್ರಾಯದಲ್ಲಿ ಸಲ್ಲದು. ಅದು ಬೀದರ್-ವಿಜಯಪುರಗಳ ದಾಯಾದಿ.

ಅಂಬರನ ವಿಜಯದ್ವಾರವಾದ ಭಡಕಲ್ ದರವಾಜೆ (1612) ಇಂದಿಗೂ ನಿಂತಿದೆ. ಉಳಿದುದರ ಮೇಲೆ ಔರಂಗಜೇಬನ ಕಾಲದ ಪದರವಿದೆ. 1653ರಲ್ಲಿ ದಖ್ಖನಿನ ಸುಬೇದಾರನಾಗಿ ಬಂದಾಗ ಆತ ಊರಿಗೆ ತನ್ನ ಹೆಸರನ್ನಿಟ್ಟನು; ಮರಾಠರ ದಾಳಿಗಳಿಗೆ ಅಂಜಿ 1682ರಲ್ಲಿ ಸುತ್ತಲೂ ಗೋಡೆಯನ್ನು ಕಟ್ಟಿಸಿದನು; 1692ರಲ್ಲಿ ಕಿಲಾ ಅರ್ಕ್ ಅರಮನೆ ಎದ್ದಿತು. ದಿಲ್ಲಿ, ಪೈಠಣ, ಜಾಲನಾ, ಮಕ್ಕಾ ಹೀಗೆ ದಾರಿ ಹೋಗುವ ದಿಕ್ಕನ್ನೇ ಹೆಸರಾಗಿಸಿಕೊಂಡ ಬಾಗಿಲುಗಳು ಎದ್ದವು. ಊರಿನವರು ಬಾಗಿಲುಗಳು 52, ಪುರಗಳು 52 ಎನ್ನುತ್ತಾರೆ. ಇಂಥ ಸಂಖ್ಯೆಗಳನ್ನು ಎಣಿಸಿ ನೋಡುವುದಕ್ಕಿಂತ ಕೇಳಿ ಸುಮ್ಮನಿರುವುದು ಲೇಸು. ಆದರೆ ಪುರಗಳ ಹೆಸರುಗಳು ಇತಿಹಾಸಕಾರನಿಗೆ ಶಾಸನದಷ್ಟೇ ಉಪಯುಕ್ತ. ಜಯಸಿಂಗಪುರ, ಬಿಕಾನೇರಿನ ಕರಣಸಿಂಹ-ಪದಮಸಿಂಹರ ಕರಣಪುರ, ಪದಮಪುರ, ಇವೆಲ್ಲ ಮೊಗಲ ಸೇನೆಯೊಡನೆ ಬಂದ ರಜಪೂತ ಸರದಾರರ ಬಿಡಾರಗಳಾಗಿದ್ದವು. ನಾಸಿಕದ ಓಣಿಯ ಹೆಸರು ಕಸುಬನ್ನು ಹೇಳಿದರೆ, ಔರಂಗಾಬಾದಿನ ಪುರದ ಹೆಸರು ಒಬ್ಬ ಸರದಾರನನ್ನು ಹೇಳುತ್ತದೆ. ಕೋಟೆಯೊಳಗಣ ಸರಾಫಾ, ರಂಗಾರಗಲ್ಲಿಗಳು ಇದಕ್ಕೆ ಅಪವಾದ.

ಇಲ್ಲಿಯ ಜಲವ್ಯವಸ್ಥೆಯ ಅತ್ಯಂತ ಚೆಲುವಾದ ನಿದರ್ಶನ 18ನೆಯ ಶತಮಾನದ ಪನ್‌ಚಕ್ಕಿ. ಸೂಫಿ ಸಂತ ಬಾಬಾ ಶಾಹ ಮುಸಾಫಿರರ ದರ್ಗಾದ ಆವರಣದಲ್ಲಿ, ಕಿಲೋಮೀಟರುಗಟ್ಟಲೆ ದೂರದಿಂದ ಬಂದ ನೀರನ್ನು ಎತ್ತರದಿಂದ ಬೀಳಿಸಿ ಹಿಟ್ಟಿನ ಬೀಸುಕಲ್ಲನ್ನು ತಿರುಗಿಸಲಾಗುತ್ತಿತ್ತು. ಅಲ್ಲಿಯ ದೊಡ್ಡ ಕೊಳದ ತಳವೇ ಕೆಳಗಣ ಸಭಾಮಂಟಪದ ಮಾಳಿಗೆ. ಮೇಲೆ ನೀರು, ಕೆಳಗೆ ಬೇಸಿಗೆಯಲ್ಲಿಯೂ ತಂಪಾದ ವಸತಿ.

1763ರಲ್ಲಿ ನಿಜಾಮ ಅಲಿಯು ರಾಜಧಾನಿಯನ್ನು ಹೈದರಾಬಾದಿಗೆ ಒಯ್ದನು. ಅರಸನ ಆಜ್ಞೆಯಿಂದ ಬೆಳೆದ ನಗರಮಧ್ಯಕ್ಕೆ ಆಜ್ಞೆ ಹೊರಟುಹೋದ ಮೇಲೆ ಉಳಿಯುವುದೇನು ಎಂಬುದಕ್ಕೆ ಔರಂಗಾಬಾದಿನ ಮುಂದಿನ ಇತಿಹಾಸ ಸಾಕ್ಷಿ. ಅಮೀರರ ಹವೇಲಿಗಳೂ ತೋಟಗಳೂ ಪಾಳುಬಿದ್ದವು. ಆದರೆ ಗುಲಮಂಡಿ, ಸಿಟಿ ಚೌಕ, ಶಹಾಗಂಜಗಳ ಅಂಗಡಿಸಾಲುಗಳು ಉಳಿದವು; ಹಿಮರೂ ನೇಯುವವರೂ ಉಳಿದರು. ಪೇಶ್ವಾಯಿ 1818ರಲ್ಲಿ ಅಳಿದಾಗ ನಾಸಿಕಕ್ಕೂ ಪೆಟ್ಟು ಬಿದ್ದಿತು. ಆದರೂ ಅಲ್ಲಿ ದಾನಿಗಳು ಹಲವರು, ಯಾತ್ರಿಕರು ಅಸಂಖ್ಯರು. ಸಿಂಹಸ್ಥ 12 ವರ್ಷಗಳಿಗೊಮ್ಮೆ ಬರುತ್ತಲೇ ಇತ್ತು. ಒಬ್ಬ ಅರಸನನ್ನು ನೆಚ್ಚಿದ ಊರಿಗಿಂತ ಒಂದು ಪಂಚಾಂಗವನ್ನು ನೆಚ್ಚಿದ ಊರು ಹೆಚ್ಚು ಬಾಳಿಕೆ ಬರುತ್ತದೆಂದು ಇದರಿಂದ ಹೇಳಬಹುದಾದರೂ, ನಾಸಿಕದ ನದೀತೀರ ಎಲ್ಲರದಾಗಿತ್ತೆಂದು ಭಾವಿಸುವಂತಿಲ್ಲ.

1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಕಾಳಾರಾಮ ದೇವಾಲಯ ಪ್ರವೇಶದ ಸತ್ಯಾಗ್ರಹ ಆರಂಭವಾಯಿತು. ಬಾಗಿಲುಗಳು ಮುಚ್ಚಿದವು, ಹೋರಾಟ ವರ್ಷಗಟ್ಟಲೆ ನಡೆದರೂ ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಅವರು ಘೋಷಿಸಿದರು. ಕೋಟೆಯಿಲ್ಲದ ನಾಸಿಕದಲ್ಲಿ ಕೋಟೆಗಿಂತ ಬಲವಾದ ಗೋಡೆಯಿತ್ತು. ಅಂಬೇಡ್ಕರರು 1950ರಲ್ಲಿ ಮಿಲಿಂದ ಮಹಾವಿದ್ಯಾಲಯವನ್ನು ಆರಂಭಿಸಿದುದು ಔರಂಗಾಬಾದಿನಲ್ಲಿ, ಹಳೆಯ ಗೋಡೆಯ ಹೊರಗಣ ಬಯಲಿನಲ್ಲಿ. 1958ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯವೂ ಸ್ಥಾಪನೆಗೊಂಡು, ನಗರದ ಬೌದ್ಧಿಕ ಕೇಂದ್ರವೊಂದು ಪೇಟೆಯಿಂದ ಆಚೆಗೆ ಸರಿಯಿತು. ಎರಡು ಊರುಗಳ ನಗರಮಧ್ಯಗಳನ್ನು ಹೋಲಿಸುವವರು ಕಂಬ-ಕಮಾನುಗಳ ಜತೆಗೆ, ಅವುಗಳ ಒಳಗೆ ಹೋಗಲು ಯಾರಿಗೆ ದಾರಿಯಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ರೈಲು ಎರಡೂ ಕಡೆ ಹೊರಗೇ ನಿಂತಿತು. ನಾಸಿಕ ರೋಡ್ ನಿಲ್ದಾಣವು ಪೇಟೆಯಿಂದ ಹಲವು ಕಿಲೋಮೀಟರು ದೂರದಲ್ಲಿದ್ದುದರಿಂದ 1889ರಲ್ಲಿ ಕುದುರೆ ಎಳೆಯುವ ಟ್ರಾಮ್ ಹಾಕಲಾಯಿತು. 1930ರ ದಶಕದ ಆರಂಭದಲ್ಲಿ ಅದು ನಿಂತುಹೋಯಿತು. ಔರಂಗಾಬಾದಿಗೆ ನಿಜಾಮರ ಗೋದಾವರಿ ಕಣಿವೆಯ ಮೀಟರ್‌ಗೇಜ್ ಹಳಿ 1900ರಲ್ಲಿ ಬಂದಿತು. ಈ ದೂರವೇ ಹಳೆಯ ಓಣಿಗಳನ್ನು ಒಂದು ಶತಮಾನ ಕಾಪಾಡಿತೆನ್ನಬೇಕು. ಪ್ರಾಸಂಗಿಕವಾಗಿ ಇನ್ನೊಂದು ಮಾತು. ನಾಸಿಕದ ಇಂದಿನ ವ್ಯಾಪಾರಿ ಬೀದಿಗಳಲ್ಲೊಂದಾದ ಶರಣಪುರ ರಸ್ತೆ ಹೋಗುವ ಶರಣಪುರವು 1854ರಲ್ಲಿ ಕ್ರೈಸ್ತ ಮಿಶನ್ ಸ್ಥಾಪಿಸಿದ ಗ್ರಾಮ. ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳಿಗೆ ಅಲ್ಲಿ ವಿದ್ಯೆಯನ್ನೂ ಕಸುಬನ್ನೂ ಕಲಿಸಲಾಗುತ್ತಿತ್ತು. ಡೇವಿಡ್ ಲಿವಿಂಗ್‌ಸ್ಟನ್ನನ ಶವದೊಡನೆ ಇಂಗ್ಲೆಂಡಿನವರೆಗೆ ಹೋದ ಜೇಕಬ್ ವೇನ್‌ರೈಟ್ ಅಲ್ಲಿ ಓದಿದವನು. ಒಂದು ನಗರವನ್ನು ಆಫ್ರಿಕದ ಗುಲಾಮನೊಬ್ಬ ಕಟ್ಟಿಸಿದ. ಇನ್ನೊಂದರ ಅಂಚಿನಲ್ಲಿ ಆಫ್ರಿಕದ ಬಿಡುಗಡೆಯಾದ ಮಕ್ಕಳು ಬಡಗಿಯ ಉಳಿ ಹಿಡಿದರು.

ಎರಡೂ ನಗರಗಳಿಗೆ ಮಹಾನಗರಪಾಲಿಕೆ ಬಂದುದು 1982ರಲ್ಲಿಯೇ. ಅಷ್ಟರಲ್ಲಿ ಸಾತಪುರ, ಅಂಬಡ, ಚಿಕಲಠಾಣೆಗಳ ಕೈಗಾರಿಕಾ ವಸಾಹತುಗಳೂ ಸಿಡ್ಕೋದ ಬಡಾವಣೆಗಳೂ ಊರಿನ ಭಾರವನ್ನು ಹೊರಗೆ ಎಳೆಯತೊಡಗಿದ್ದವು. ಈಗ ನಾಸಿಕದ ಹೊಸ ವ್ಯಾಪಾರ ಕಾಲೇಜ್ ರೋಡ್, ಗಂಗಾಪುರ ರೋಡ್‌ಗಳಲ್ಲಿದೆ. ಸಂಭಾಜಿನಗರದ್ದು ನಿರಾಲಾ ಬಜಾರ ಮತ್ತು ಜಾಲನಾ ರಸ್ತೆಗಳಲ್ಲಿ. ಗಾಜಿನ ಮುಖದ ಆ ಕಟ್ಟಡಗಳ ಚಿತ್ರವೊಂದನ್ನು ಕೈಗಿತ್ತರೆ ಊರು ಯಾವುದೆಂದು ಹೇಳುವುದು ಕಷ್ಟ. ಸಂಭಾಜಿನಗರದಲ್ಲಿ ಗೋಡೆ ಬಹುಮಟ್ಟಿಗೆ ಇಲ್ಲವಾಗಿ, ಉಳಿದ ಬಾಗಿಲುಗಳು ವಾಹನಗಳ ನಡುವೆ ಒಂಟಿಯಾಗಿ ನಿಂತಿವೆ. ಊರಿನ ಹೆಸರಿನ ಬಗ್ಗೆ ನಡೆದ ದೀರ್ಘ ವಾದದಲ್ಲಿ ಬಾಗಿಲುಗಳ ಮಾತು ಅಷ್ಟಿಷ್ಟು ಬಂದಿತು, ನೆಲದಡಿಯ ನಹರಿನ ಮಾತು ಬಂದುದು ವಿರಳ. ನಾಸಿಕದಲ್ಲಿ 2003ರ ಆಗಸ್ಟ್ 27ರಂದು, ಸಿಂಹಸ್ಥದ ಸ್ನಾನದ ದಿನ, ರಾಮಕುಂಡಕ್ಕೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ನೂಕುನುಗ್ಗಲಾಗಿ 39 ಜನ ಸತ್ತರು. ಪಾದಚಾರಿ ಯಾತ್ರಿಕರ ಗುಂಪುಗಳಿಗೆ ತಕ್ಕ ಓಣಿಗಳಿಗೆ ಒಂದೇ ದಿನ ಲಕ್ಷಗಟ್ಟಲೆ ಜನರನ್ನು ಹಾಯಿಸಿದ್ದರ ಪರಿಣಾಮವದು. ಅದೇ ಕಾಲದ ಸಿದ್ಧತೆಯಲ್ಲಿ ಕುಂಡಗಳ ತಳಕ್ಕೆ ಕಾಂಕ್ರೀಟು ಹಾಸಿದುದರಿಂದ ಒಳಗಣ ಒರತೆಗಳು ಮುಚ್ಚಿದವೆಂಬ ದೂರು ಬಹುಕಾಲ ನಡೆಯಿತು. ಕೆಲವೆಡೆ ಅದನ್ನು ಒಡೆದು ತೆಗೆಯುವ ಕೆಲಸವೂ ನಡೆದಿದೆ. 2015ರ ತರುವಾಯದ ಸಿಂಹಸ್ಥ 2026-27ಕ್ಕೆ ಬೀಳುತ್ತದೆ.

ನಹರುಗಳು ಸೊರಗಿದ ಮೇಲೆ ಔರಂಗಾಬಾದು ಕುಡಿಯುವ ನೀರಿಗೆ ಗೋದಾವರಿಯ ಕಡೆಗೇ ತಿರುಗಬೇಕಾಯಿತು. ಪೈಠಣದ ಬಳಿಯ ಜಾಯಕವಾಡಿ ಜಲಾಶಯ 1976ರಲ್ಲಿ ಉದ್ಘಾಟನೆಗೊಂಡಿತು. ನಗರದ ನೀರು ಅಲ್ಲಿಂದ ಕೊಳವೆಗಳಲ್ಲಿ ಏರಿ ಬರುತ್ತದೆ. ಆ ಜಲಾಶಯ ತುಂಬಬೇಕಾದರೆ ಮೇಲಣ ನಾಸಿಕ ಮತ್ತು ಅಹಿಲ್ಯಾನಗರದ (ಹಿಂದಿನ ಅಹಮದನಗರ) ಅಣೆಕಟ್ಟುಗಳು ನೀರು ಬಿಡಬೇಕು. 2005ರ ಮಹಾರಾಷ್ಟ್ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ ಕಾಯಿದೆ ಸಮಾನ ಹಂಚಿಕೆಯನ್ನು ವಿಧಿಸಿದ ಬಳಿಕವೂ ಮಳೆ ಕಡಿಮೆಯಾದ ವರ್ಷಗಳಲ್ಲಿ ನಾಸಿಕದ ರೈತರಿಗೂ ಮರಾಠವಾಡದವರಿಗೂ ವ್ಯಾಜ್ಯ ಏಳುತ್ತಲೇ ಇದೆ. 2023ರ ನವೆಂಬರಿನಲ್ಲಿ, ಸುಮಾರು 8.6 ಟಿಎಂಸಿ ನೀರು ಬಿಡಬೇಕೆಂಬ ಆದೇಶದ ಮೇರೆಗೆ, ಮೇಲಣ ಅಣೆಕಟ್ಟುಗಳ ಬಾಗಿಲು ತೆರೆಯಲಾಯಿತು. ನಾಸಿಕದ ಮೇಲ್ಗಡೆಯ ಗಂಗಾಪುರ ಅಣೆಕಟ್ಟಿನಿಂದ ಹೀಗೆ ಬಿಟ್ಟ ನೀರು ಮೊದಲು ರಾಮಕುಂಡದ ಮೆಟ್ಟಿಲುಗಳನ್ನು ತೊಳೆದು, ನಾಂದೂರ ಮಧ್ಯಮೇಶ್ವರದ ಒಡ್ಡನ್ನು ದಾಟಿ, ಪೈಠಣವನ್ನು ಸೇರಿ, ಅಲ್ಲಿಂದ ಗುಲಮಂಡಿಯ ನಲ್ಲಿಗಳಿಗೆ ಏರುತ್ತದೆ.