ಕೊಳಾರದ ಮುಂದಿನ ‘ಕೆ’

ಬೀದರದಿಂದ ಹುಮನಾಬಾದಿಗೆ ಹೊರಟವರಿಗೆ ಪಟ್ಟಣದ ಅಂಚು ಕಳೆಯುತ್ತಿದ್ದಂತೆ ಕೊಳಾರದ ಹೆಸರು ಎದುರಾಗುತ್ತದೆ. ಆ ಹೆಸರಿನ ಮುಂದೆ ಆವರಣದಲ್ಲಿ ‘ಕೆ’ ಎಂಬ ಒಂಟಿ ಅಕ್ಷರವೊಂದುಂಟು. ಕೋಟೆಯನ್ನೂ ಮಹಮೂದ್ ಗವಾನನ ಮದರಸವನ್ನೂ ನೋಡಬಂದವರು ಇಂಥ ಕೂಡುದಾರಿಯ ಊರುಗಳಲ್ಲಿ ಇಳಿಯುವುದಿಲ್ಲ. ನನಗಾದರೋ ಈ ಸೀಮೆಯ ಚರಿತ್ರೆಯನ್ನು ಆ ಅಕ್ಷರದಿಂದಲೇ ಆರಂಭಿಸಬೇಕೆನ್ನಿಸುತ್ತದೆ.

ನಾನು ಅಧ್ಯಾಪಕನಾಗಿದ್ದಾಗ ಕಿರುಪರೀಕ್ಷೆಯೊಂದರಲ್ಲಿ ಅದರ ಅರ್ಥವನ್ನು ಕೇಳಿದ್ದೆ. ಒಬ್ಬ ವಿದ್ಯಾರ್ಥಿ ‘ಕರ್ನಾಟಕ’ ಎಂದು ಬರೆದಿದ್ದ. ನಕ್ಕು, ಕೆಂಪು ಗೆರೆ ಎಳೆದೆ. ಅದು ‘ಖುರ್ದ್’. ಪಾರಸಿಯಲ್ಲಿ ಚಿಕ್ಕದು ಎಂದರ್ಥ. ಅದರ ಜೋಡಿ ‘ಬುಜುರ್ಗ್’, ಅಂದರೆ ಹಿರಿದು. ಇದೇ ರಸ್ತೆಯಲ್ಲಿ ಮುಂದೆ ಸಿಗುವ ಹಳ್ಳಿಖೇಡಕ್ಕೆ ‘ಬಿ’ ಸೇರಿರುವುದು ಹಾಗೆಯೇ. ‘ಹಳ್ಳಿ’ ಕನ್ನಡ, ‘ಖೇಡ’ದಲ್ಲಿ ಮರಾಠಿಯ ದನಿ, ‘ಬಿ’ ಪಾರಸಿ: ಒಂದು ಹೆಸರಿನಲ್ಲಿ ಮೂರು ನುಡಿಗಳು ತಂಗಿವೆಯೆಂದು ನನಗೆ ತೋರುತ್ತದೆ.

15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಅಹ್ಮದ್ ಷಾ ಕಲಬುರಗಿಯನ್ನು ಬಿಟ್ಟು ಬೀದರವನ್ನು ರಾಜಧಾನಿ ಮಾಡಿಕೊಂಡನು. ಆಮೇಲೆ ಬರೀದ್ ಷಾಹಿಗಳು, 1619ರಲ್ಲಿ ಬಿಜಾಪುರದವರು, 1657ರಲ್ಲಿ ಔರಂಗಜೇಬ, ಕೊನೆಗೆ ನಿಜಾಮರು. ಆಳುವವರು ಬದಲಾದರು, ಕಂದಾಯದ ಕಾಗದಗಳಲ್ಲಿ ಖುರ್ದ್, ಬುಜುರ್ಗ್ ಉಳಿದವು. ಶಾಸನವಿಲ್ಲದ ಊರಿಗೆ ಲೆಕ್ಕಣಿಕೆಯೇ ಶಾಸನ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿಗೆ ಹೋದವು. ನಾರಾಯಣಖೇಡ, ಜಹೀರಾಬಾದಿನ ಬಹುಭಾಗ ಮತ್ತು ಬೀದರ ತಾಲ್ಲೂಕಿನದೇ ನ್ಯಾಲ್ಕಲ್ ಸರ್ಕಲ್ ಆಂಧ್ರಕ್ಕೆ ಸೇರಿದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ ಬಂದವು. ನೆಂಟಸ್ತಿಕೆಗೆ, ಸಂತೆಗೆ ನಡೆದು ಬೆಳೆದ ದಾರಿಗಳು ಒಮ್ಮೆಲೇ ಗಡಿ ದಾಟುವ ದಾರಿಗಳಾದವು. ನಾಂದೇಡದಿಂದ ಔರಾದ, ಬೀದರಗಳ ಮೂಲಕ ಚಿತ್ರದುರ್ಗದವರೆಗೆ ಸಾಗುವ ಹೆದ್ದಾರಿ ಇಂದಿಗೂ ಆ ಹಳೆಯ ನಂಟನ್ನು ನೆನಪಿಸುತ್ತದೆ.

‘ಚಿಕ್ಕ’ ಕೊಳಾರದ ಹೆಸರನ್ನು ಈಗ ದೊಡ್ಡದೊಂದು ಕೈಗಾರಿಕಾ ಪ್ರದೇಶ ಹೊತ್ತಿದೆ. ಜೋಳ, ತೊಗರಿಯ ನೆಲದಲ್ಲಿ ಔಷಧ, ರಾಸಾಯನಿಕಗಳ ಕಾರ್ಖಾನೆಗಳು ನಿಂತಿವೆ. ಕೆಲಸ ಬಂದಿದೆ, ಜೊತೆಗೆ ಗಾಳಿಯ ನಾತ, ಬಾವಿಯ ನೀರು ಕೆಟ್ಟಿತೆಂಬ ದೂರೂ ಸುತ್ತಲ ಹಳ್ಳಿಗಳಿಂದ ಕೇಳಿಬಂದಿದೆ. ಹೊರಗಿನವರಿಗೆ ಕೊಳಾರವೆಂದರೆ ಈಗ ಕಾರ್ಖಾನೆಯ ವಿಳಾಸ ಮಾತ್ರ. ಊರೊಂದು ಅಳಿಯುವುದು ಮನೆಗಳು ಬಿದ್ದಾಗಲೇ ಅಲ್ಲ, ಹೆಸರಿನ ಅರ್ಥ ಮರೆತಾಗಲೂ ಹೌದು.

ಆ ಹುಡುಗನ ಉತ್ತರ ತಪ್ಪೇ. ಆದರೆ ಈ ನೆಲ ಕನ್ನಡ ರಾಜ್ಯಕ್ಕೆ ಸೇರಿದ್ದು ಅವನ ತಂದೆಯ ಕಾಲದಲ್ಲಿ. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅವನು ತನಗೆ ದೊರೆತ ಚರಿತ್ರೆಯನ್ನೇ ಆ ಅಕ್ಷರದಲ್ಲಿ ಓದಿದ್ದ. ಇಂದಾಗಿದ್ದರೆ ಅರ್ಧ ಅಂಕವನ್ನಾದರೂ ಕೊಡುತ್ತಿದ್ದೆ.